ಅದೇ ತೋಟ, ಅದೇ ಶಾರ್ಡನೆ. 2021ರದ್ದು ಮಾತ್ರ ಇಷ್ಟೊಂದು ಹುಳಿ ಯಾಕೆ?

ಪ್ರಶ್ನೆ: ವೈನ್ ವಿಷಯದಲ್ಲಿ ನಾನು ಹೊಸಬ. ಫ್ರಾನ್ಸಿನ ಶಾಬ್ಲಿ ಊರಿನ ಬಿಳಿ ವೈನ್ ಕೊಂಡಿದ್ದೆ. ಒಬ್ಬರೇ ತಯಾರಕರು, ಒಂದೇ ತೋಟ, ಲೇಬಲ್ ಕೂಡ ಒಂದೇ. ಎಲ್ಲವೂ ಶಾರ್ಡನೆ ದ್ರಾಕ್ಷಿಯದ್ದು. ವರ್ಷ ಮಾತ್ರ ಬೇರೆ: 2018ರದ್ದು ಒಂದು ಬಾಟಲಿ, 2021ರದ್ದು ಎರಡು. ಮೊದಲು 2018 ಕುಡಿದೆವು. ಮೃದುವಾಗಿ, ಮಾಗಿದ ಹಣ್ಣಿನ ಹಾಗೆ ಬಾಯಿ ತುಂಬಿತು. ಅದರ ಬೆನ್ನಿಗೇ 2021 ತೆರೆದರೆ ತೆಳ್ಳಗೆ, ಹಲ್ಲು ಜುಮ್ಮೆನ್ನುವಷ್ಟು ಹುಳಿ. ತಳದಲ್ಲಿ ಗಾಜಿನ ಚೂರಿನಂಥ ಹರಳು ಬೇರೆ. ಬೆಲೆ ನೋಡಿದರೆ 2021ರದ್ದೇ ಜಾಸ್ತಿ. ವೈನ್ ಕೆಟ್ಟಿದೆಯೇ? ಅಥವಾ 2021 ಕೆಟ್ಟ ವರ್ಷವೇ? ಉಳಿದ ಬಾಟಲಿಯನ್ನು ಏನು ಮಾಡಲಿ?

ಉತ್ತರ: ಮೊದಲು ಹೆದರಿಕೆ ಕಳೆಯೋಣ. ನಿಮ್ಮ ವೈನ್ ಕೆಟ್ಟಿಲ್ಲ. ಕಾರ್ಕಿನ ದೋಷ ತಗಲಿದ್ದರೆ ಒದ್ದೆ ರಟ್ಟಿನ ವಾಸನೆ ಬರುತ್ತಿತ್ತು. ಒಳಗೆ ಗಾಳಿ ಹೊಕ್ಕಿದ್ದರೆ ಬಣ್ಣ ಕಂದಿ, ಹೆಚ್ಚಿಟ್ಟು ಮರೆತ ಸೇಬಿನ ವಾಸನೆ ಬರುತ್ತಿತ್ತು. ವಿನೆಗರ್ ಆಗಿದ್ದರಂತೂ ಗ್ಲಾಸ್ ಬಾಯಿಗೆ ಹೋಗುವ ಮೊದಲೇ ಮೂಗಿಗೆ ಹೊಡೆಯುತ್ತಿತ್ತು. ನೀವು ಬರೆದಿರುವುದು ಹುಳಿ ಮತ್ತು ತೆಳು, ಎರಡೇ. ಇವೆರಡೂ 2021ರ ಹವೆ ಶಾಬ್ಲಿಯ ಬಳ್ಳಿಗಳ ಮೇಲೆ ಬಿಟ್ಟುಹೋದ ಗುರುತು. ಹರಳಿನ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ.

ಶಾರ್ಡನೆಯ ಸ್ವಭಾವ ಗೊತ್ತಾದರೆ ಉಳಿದದ್ದು ಸುಲಭ. ಈ ದ್ರಾಕ್ಷಿಯ ಹುಟ್ಟಿನ ಬಗ್ಗೆ ಬಹಳ ಕಾಲ ಬರೀ ಊಹೆಗಳಿದ್ದವು. 1999ರಲ್ಲಿ ಡಿಎನ್‌ಎ ಪರೀಕ್ಷೆ ಅದನ್ನು ಬಗೆಹರಿಸಿತು. ಒಂದು ಕಡೆ ಫ್ರಾನ್ಸಿನ ಬರ್ಗಂಡಿ ಸೀಮೆಯ ಹೆಸರಾಂತ ಪಿನೋ ದ್ರಾಕ್ಷಿ, ಇನ್ನೊಂದು ಕಡೆ ಗುವೆ ಬ್ಲಾಂ ಎಂಬ ಹುಳಿಹುಳಿಯಾದ, ಬೇಕಾದಷ್ಟು ಬೆಳೆ ಕೊಡುವ, ಯಾರೂ ಲೆಕ್ಕಕ್ಕಿಡದಿದ್ದ ಬಿಳಿ ದ್ರಾಕ್ಷಿ. ಇವೆರಡರ ಕೂಸು ಶಾರ್ಡನೆ. ಮಸ್ಕಟ್ ದ್ರಾಕ್ಷಿಯನ್ನು ಎಲ್ಲಿ ಬೆಳೆದರೂ ಅದರ ಹೂವಿನ ಘಮ ಮುಂದೆ ಬಂದು ನಿಲ್ಲುತ್ತದೆ. ಶಾರ್ಡನೆಗೆ ಅಂಥ ಜೋರಾದ ಸ್ವಂತ ಪರಿಮಳ ಇಲ್ಲ. ತಂಪಿನಲ್ಲಿ ಮಾಗಿದರೆ ಹಸಿರು ಸೇಬು, ನಿಂಬೆ. ತುಸು ಬೆಚ್ಚಗಿದ್ದರೆ ಮರಸೇಬು, ಪೀಚ್. ಬಿಸಿಲು ಏರಿದರೆ ಅನಾನಸು, ಮಾವು. ಇದನ್ನು ಕೆಲವರು ಸಪ್ಪೆ ದ್ರಾಕ್ಷಿ ಎನ್ನುತ್ತಾರೆ. ಆ ಮಾತು ನನಗೆ ಒಪ್ಪಿಗೆಯಿಲ್ಲ. ತನ್ನ ದನಿ ಸಣ್ಣದಾದ್ದರಿಂದಲೇ ಅದು ವರ್ಷದ ದನಿಯನ್ನು ಇಷ್ಟು ಸ್ಪಷ್ಟವಾಗಿ ಕೇಳಿಸುತ್ತದೆ. ನಿಮ್ಮಂಥ ಹೊಸಬರಿಗೂ ಎರಡು ಗ್ಲಾಸಿನ ವ್ಯತ್ಯಾಸ ತಕ್ಷಣ ತಿಳಿಯಿತಲ್ಲ, ಅದಕ್ಕೆ ಕಾರಣ ಇದೇ.

ಇನ್ನು ಜಾಗ. ಶಾಬ್ಲಿ ಬರ್ಗಂಡಿಗೆ ಸೇರಿದ್ದರೂ ಅದರ ಉತ್ತರದ ತುದಿಯಲ್ಲಿ, ಪ್ಯಾರಿಸ್ಸಿನಿಂದ ಆಗ್ನೇಯಕ್ಕೆ ಸುಮಾರು 180 ಕಿಲೋಮೀಟರ್ ದೂರದಲ್ಲಿದೆ. ಬರ್ಗಂಡಿಯ ಹೃದಯದಂತಿರುವ ಬೋನ್ ಪಟ್ಟಣಕ್ಕಿಂತ ಶಾಂಪೇನ್ ಸೀಮೆಯೇ ಅದಕ್ಕೆ ಹತ್ತಿರ. ಮಣ್ಣು ಸುಮಾರು 15 ಕೋಟಿ ವರ್ಷ ಹಿಂದೆ ಸಮುದ್ರದ ತಳವಾಗಿದ್ದ ಕಿಮರಿಜಿಯನ್ ಸುಣ್ಣಕಲ್ಲು ಮತ್ತು ಜೇಡಿ. ಕಲ್ಲು ಒಡೆದರೆ ಪುಟ್ಟಪುಟ್ಟ ಸಿಂಪಿ ಚಿಪ್ಪುಗಳ ಅಚ್ಚು ಸಿಗುತ್ತದೆ. ಆ ಚಿಪ್ಪಿನ ರುಚಿಯೇ ನೇರವಾಗಿ ವೈನಿಗೆ ಇಳಿಯುತ್ತದೆ ಎಂಬ ಮಾತನ್ನು ನಂಬಬೇಡಿ. ಬೇರು ಹೀರುವುದು ನೀರು ಮತ್ತು ಅದರಲ್ಲಿ ಕರಗಿದ ಲವಣಗಳನ್ನು, ಚಿಪ್ಪನ್ನಲ್ಲ. ಅದೇನೇ ಇರಲಿ, 2018ರಲ್ಲೂ 2021ರಲ್ಲೂ ಮಣ್ಣು ಅದೇ, ಬಳ್ಳಿ ಅದೇ, ಕೈಯೂ ಅದೇ. ಬದಲಾದದ್ದು ಆಕಾಶ.

ಒಂದು ವರ್ಷದ ಬೆಳೆ ಆ ವರ್ಷದ ವಸಂತದಲ್ಲಿ ಶುರುವಾಗುತ್ತದೆ ಎಂದು ಅನೇಕರು ತಿಳಿದಿದ್ದಾರೆ. ನಿಜದಲ್ಲಿ 2021ರ ಗೊಂಚಲುಗಳ ಮೊಳಕೆ ಮೂಡಿದ್ದು 2020ರ ಬೇಸಿಗೆಯಲ್ಲಿ. ದ್ರಾಕ್ಷಿ ಕಡ್ಡಿಯ ಒಂದೊಂದು ಕಣ್ಣಿನೊಳಗೂ ಮುಂದಿನ ವರ್ಷದ ಚಿಗುರು, ಎಲೆ, ಹೂಗೊಂಚಲು ಎಲ್ಲವೂ ಸೂಕ್ಷ್ಮ ರೂಪದಲ್ಲಿ ಮಡಚಿಕೊಂಡು ಕೂತಿರುತ್ತವೆ. ಆ ಹೊತ್ತಿನಲ್ಲಿ ಬಿಸಿಲು ಚೆನ್ನಾಗಿದ್ದರೆ ಗೊಂಚಲು ಹೆಚ್ಚು, ಮೋಡ ಮುಸುಕಿದ್ದರೆ ಕಡಿಮೆ. ಚಳಿಗಾಲದಲ್ಲಿ ಚಾಟಣಿ ಮಾಡುವಾಗ, ಅಂದರೆ ಕಡ್ಡಿ ಕತ್ತರಿಸುವಾಗ, ಎಷ್ಟು ಕಣ್ಣು ಉಳಿಸಬೇಕೆಂದು ಬೆಳೆಗಾರ ತೀರ್ಮಾನಿಸುತ್ತಾನೆ. ಮಲಗಿದ ಬಳ್ಳಿ ಮೈನಸ್ 15 ಡಿಗ್ರಿ ಚಳಿಯನ್ನೂ ತಡೆದುಕೊಳ್ಳುತ್ತದೆ. ಅದು ಎದ್ದ ಮೇಲೆಯೇ ಅಪಾಯ.

ದಿನದ ಸರಾಸರಿ ತಾಪ 10 ಡಿಗ್ರಿಯ ಹತ್ತಿರ ಬಂದಾಗ ಬಳ್ಳಿ ಏಳುತ್ತದೆ. ಚಾಟಣಿ ಮಾಡಿದ ಕಡ್ಡಿಯ ತುದಿಯಿಂದ ರಸ ಹನಿಹನಿಯಾಗಿ ತೊಟ್ಟಿಕ್ಕುತ್ತದೆ. ಕಣ್ಣು ಉಬ್ಬುತ್ತದೆ, ಹತ್ತಿಯಂಥ ತುಪ್ಪಟ ಕಾಣುತ್ತದೆ, ಅದರ ನಡುವಿನಿಂದ ಹಸಿರು ಇಣುಕುತ್ತದೆ. ಶಾರ್ಡನೆ ಬೇಗ ಚಿಗುರುವ ಜಾತಿ. ಉತ್ತರದ ಸೀಮೆಯಲ್ಲಿ ಇದೇ ಅದರ ದೊಡ್ಡ ದೌರ್ಬಲ್ಯ. ಹಸಿರು ಕಂಡ ಚಿಗುರಿಗೆ ಮೈನಸ್ 2 ಡಿಗ್ರಿ ಸಾಕು, ಸತ್ತುಹೋಗುತ್ತದೆ. ಚಿಗುರು ಒದ್ದೆಯಾಗಿದ್ದರೆ ಇನ್ನೂ ಬೇಗ.

2021ರಲ್ಲಿ ಆದದ್ದು ಇದೇ. ಮಾರ್ಚ್ ಕೊನೆಯ ದಿನಗಳಲ್ಲಿ ಫ್ರಾನ್ಸಿನ ಹಲವೆಡೆ ತಾಪ 25 ಡಿಗ್ರಿ ದಾಟಿತು. ಬೇಸಿಗೆ ಬಂತೆಂದುಕೊಂಡು ಬಳ್ಳಿಗಳು ಎದ್ದವು. ಒಂದು ವಾರ ಕಳೆಯುವುದರೊಳಗೆ, ಏಪ್ರಿಲ್ ಮೊದಲ ವಾರದಲ್ಲಿ, ಧ್ರುವದ ಕಡೆಯಿಂದ ಶೀತಗಾಳಿ ನುಗ್ಗಿತು. ಒಂದು ರಾತ್ರಿ ಅಲ್ಲ, ಸಾಲುಸಾಲು ರಾತ್ರಿಗಳು ಹಿಮಗಟ್ಟಿದವು. ಆಗಿನ ಫ್ರೆಂಚ್ ಕೃಷಿ ಸಚಿವರು ಇದನ್ನು ಈ ಶತಮಾನದ ಆರಂಭದ ಬಹುಶಃ ಅತಿ ದೊಡ್ಡ ಕೃಷಿ ದುರಂತ ಎಂದು ಕರೆದರು.

ಅಂಥ ರಾತ್ರಿ ತೋಟದಲ್ಲಿ ಏನು ನಡೆಯುತ್ತದೆ ಎಂಬುದನ್ನು ನೀವು ತಿಳಿಯಬೇಕು. ಬಕೆಟ್ಟಿನಷ್ಟು ದಪ್ಪದ ತಗಡಿನ ಡಬ್ಬಿಗಳಲ್ಲಿ ಮೇಣ ತುಂಬಿ ಸಾಲುಗಳ ನಡುವೆ ಇಟ್ಟಿರುತ್ತಾರೆ, ಹೆಕ್ಟೇರಿಗೆ ಮುನ್ನೂರು, ನಾನೂರು. ನಡುರಾತ್ರಿ ಕಳೆದು ತಾಪ ಸೊನ್ನೆಗೆ ಇಳಿಯುತ್ತಿದ್ದಂತೆ ಮನೆಮಂದಿಯೆಲ್ಲ ಓಡಾಡಿ ಒಂದೊಂದನ್ನೇ ಹೊತ್ತಿಸುತ್ತಾರೆ. ಇಳಿಜಾರಿನ ತುಂಬ ದೀಪ. ನೋಡಲು ಹಬ್ಬದಂತೆ ಕಾಣುತ್ತದೆ. ಹಚ್ಚುವವರಿಗೆ ಮಾತ್ರ ಅದು ಇಡೀ ವರ್ಷದ ದುಡಿಮೆ ಉಳಿಸಿಕೊಳ್ಳುವ ಓಟ. ಸಿಗುವುದು ಎರಡು ಮೂರು ಡಿಗ್ರಿ ಬೆಚ್ಚಗೆ, ಅಷ್ಟೇ. ಚಳಿ ಅದಕ್ಕಿಂತ ಕೆಳಗಿಳಿದರೆ ದೀಪವೂ ವ್ಯರ್ಥ.

ಇನ್ನೊಂದು ಉಪಾಯ ನೀರು ಚಿಮುಕಿಸುವುದು. ಶಾಬ್ಲಿ ಹತ್ತಿರದ ಬೇನ್ ಊರಿನಲ್ಲಿ ಇದಕ್ಕೆಂದೇ ಕಟ್ಟಿದ ಕೆರೆ ಇದೆ. ಚಳಿಯಿಂದ ಕಾಪಾಡಲು ತಣ್ಣೀರೇ ಎಂದು ಮೊದಲ ಸಲ ಕೇಳಿದವರಿಗೆ ಆಶ್ಚರ್ಯವಾಗುತ್ತದೆ. ನೀರು ಮಂಜುಗಡ್ಡೆಯಾಗುವಾಗ ಶಾಖ ಬಿಟ್ಟುಕೊಡುತ್ತದೆ, ಗ್ರಾಮಿಗೆ ಸುಮಾರು 80 ಕ್ಯಾಲೊರಿ. ಚಿಗುರಿನ ಮೇಲೆ ಹನಿ ಬಿದ್ದು ಗಡ್ಡೆಕಟ್ಟುತ್ತಾ, ಮತ್ತೆ ಬಿದ್ದು ಗಡ್ಡೆಕಟ್ಟುತ್ತಾ ಇದ್ದಷ್ಟು ಹೊತ್ತೂ ಒಳಗಿನ ಹಸಿರು ಸೊನ್ನೆಯ ಆಸುಪಾಸಿನಲ್ಲೇ ಉಳಿಯುತ್ತದೆ. ಬೆಳಗ್ಗೆ ಸೂರ್ಯ ಬಂದಾಗ ಗಾಜಿನ ಮಣಿಯೊಳಗೆ ಚಿಗುರು ಹಿಡಿದಿಟ್ಟಂತೆ ಕಾಣುತ್ತದೆ. ಆದರೆ ಮಂಜುಗಡ್ಡೆ ಕರಗುವ ತನಕ ನೀರು ನಿಲ್ಲುವಂತಿಲ್ಲ. ನಡುವೆ ಪಂಪು ಕೈಕೊಟ್ಟರೆ, ಏನೂ ಮಾಡದಿದ್ದ ತೋಟಕ್ಕಿಂತ ಹೆಚ್ಚಿನ ನಷ್ಟವಾಗುತ್ತದೆ.

ಬೆಳಗಾದ ಮೇಲೆ ಬೆಳೆಗಾರ ಮಾಡುವ ಕೆಲಸ ಒಂದೇ. ಒಂದು ಕಣ್ಣನ್ನು ಹಿಡಿದು ಬ್ಲೇಡಿನಿಂದ ಅಡ್ಡಕ್ಕೆ ಸೀಳಿ ನೋಡುತ್ತಾನೆ. ಒಳಗೆ ಹಸಿರಿದ್ದರೆ ಬದುಕಿದೆ. ಕಂದು ಬಣ್ಣ ಕಂಡರೆ ಸತ್ತಿದೆ. ಹತ್ತು ಹೆಜ್ಜೆ ನಡೆದು ಇನ್ನೊಂದು. ಮತ್ತೆ ಹತ್ತು ಹೆಜ್ಜೆ, ಮತ್ತೊಂದು.

ಒಂದೊಂದು ಕಣ್ಣಿನಲ್ಲೂ ಮುಖ್ಯ ಮೊಗ್ಗಿನ ಪಕ್ಕ ಎರಡು ಮೀಸಲು ಮೊಗ್ಗುಗಳಿರುತ್ತವೆ. ಮೊದಲನೆಯದು ಸತ್ತರೆ ಪಕ್ಕದ್ದು ಚಿಗುರುತ್ತದೆ. ಆದರೆ ತಡವಾಗಿ ಚಿಗುರುತ್ತದೆ, ಗೊಂಚಲು ಕಡಿಮೆ ಬಿಡುತ್ತದೆ. ಹಾಗಾಗಿ ಒಂದೇ ಬಳ್ಳಿಯಲ್ಲಿ ಎರಡು ವಯಸ್ಸಿನ ಹಣ್ಣು. 2021ರ ವೈನುಗಳಲ್ಲಿ ಕೆಲವು ಮಾಗಿದ ರುಚಿಯೂ ಹಸಿರು ರುಚಿಯೂ ಒಟ್ಟೊಟ್ಟಿಗೆ ಕೊಡುವುದಕ್ಕೆ ಇದೂ ಒಂದು ಕಾರಣ ಎಂದು ನನ್ನ ಅನಿಸಿಕೆ. ಬೆಲೆಯ ಗುಟ್ಟೂ ಇಲ್ಲೇ ಇದೆ: ಮೇಣ, ಡೀಸೆಲ್, ಕೂಲಿ ಎಲ್ಲದರ ಖರ್ಚೂ ಹೆಚ್ಚಿತು, ಬಾಟಲಿ ಮಾತ್ರ ಕಡಿಮೆ ಬಂತು. ನೀವು ಕೊಟ್ಟ ಹೆಚ್ಚಿನ ಹಣ ಗುಣಕ್ಕಲ್ಲ, ಕೊರತೆಗೆ.

ಫ್ರಾನ್ಸಿನ ರೈತರು ಮೇ 11, 12, 13ನ್ನು ಹಿಮದ ಸಂತರ ದಿನಗಳೆನ್ನುತ್ತಾರೆ. ಅವು ಕಳೆದರೆ ಹಿಮದ ಭಯ ಕಳೆಯಿತೆಂದು ನಂಬಿಕೆ. ಆಮೇಲೆ ಜೂನಿನಲ್ಲಿ ಹೂ. ದ್ರಾಕ್ಷಿ ಹೂವಿಗೆ ಕಣ್ಣು ಸೆಳೆಯುವ ದಳಗಳಿಲ್ಲ. ಪುಟ್ಟ ಹಸಿರು ಟೊಪ್ಪಿಗೆ ಕಳಚಿ ಬಿದ್ದು ಕೇಸರಗಳು ಬಿಚ್ಚಿಕೊಳ್ಳುತ್ತವೆ. ಆ ಹತ್ತು ದಿನ ಮಳೆ, ಚಳಿ ಬಂದರೆ ಹೂ ಕಾಯಿ ಕಟ್ಟದೆ ಉದುರುತ್ತದೆ, ಇಲ್ಲವೇ ಗೊಂಚಲಿನಲ್ಲಿ ದಪ್ಪ ಕಾಯಿಗಳ ನಡುವೆ ಮೆಣಸಿನ ಕಾಳಿನಷ್ಟು ಸಣ್ಣವು ಉಳಿದುಬಿಡುತ್ತವೆ. ಶಾರ್ಡನೆಗೆ ಈ ಎರಡನೆಯ ಚಾಳಿ ಜಾಸ್ತಿ. ಹೂವಿನಿಂದ ಕೊಯ್ಲಿಗೆ ನೂರು ದಿನ ಎಂಬುದು ಹಳೆಯ ಲೆಕ್ಕ. ಈಚಿನ ಬಿಸಿ ವರ್ಷಗಳಲ್ಲಿ ನೂರಕ್ಕೆ ಮೊದಲೇ ಕೊಯ್ಲು ಮುಗಿಯುವುದೂ ಉಂಟು.

2021ರ ಬೇಸಿಗೆ ತಂಪಾಗಿ, ಮಳೆಯಲ್ಲಿ ತೊಯ್ದು ಹೋಯಿತು. ಒದ್ದೆ ಎಲೆಯ ಮೇಲೆ ಬೂಜು ತುಪ್ಪಟ ರೋಗ ಹರಡಿತು. ಅದಕ್ಕೆ ತಾಮ್ರದ ಬೋರ್ಡೋ ದ್ರಾವಣ ಹೊಡೆದರೆ ಮುಂದಿನ ಮಳೆಗೆ ತೊಳೆದುಹೋಗುತ್ತದೆ, ಮತ್ತೆ ಹೊಡೆಯಬೇಕು. ಐರೋಪ್ಯ ಒಕ್ಕೂಟದಲ್ಲಿ ತಾಮ್ರ ಬಳಕೆಗೆ ಹೆಕ್ಟೇರಿಗೆ ಏಳು ವರ್ಷಕ್ಕೆ 28 ಕಿಲೋ ಎಂಬ ಮಿತಿಯಿದೆ. ಸಾವಯವ ತೋಟದವರಿಗೆ ಅಂಥ ವರ್ಷ ಎಷ್ಟು ಕಷ್ಟ ಎಂದು ಊಹಿಸಿ.

ಈಗ ನಿಮ್ಮ ಪ್ರಶ್ನೆಯ ಗಂಟು ಬಿಚ್ಚುವ ಜಾಗಕ್ಕೆ ಬಂದೆವು: ಆಗಸ್ಟ್, ಸೆಪ್ಟೆಂಬರ್. ಅಲ್ಲಿಯವರೆಗೆ ಕಾಯಿ ಹಸಿರು, ಗಟ್ಟಿ, ಬಾಯಿಗಿಟ್ಟರೆ ಮುಖ ಕಿವುಚುವಷ್ಟು ಹುಳಿ. ಒಂದು ದಿನ ಅದು ಮೆತ್ತಗಾಗತೊಡಗುತ್ತದೆ, ಸಿಪ್ಪೆ ಬೆಳಕಿಗೆ ಹಿಡಿದರೆ ಪಾರದರ್ಶಕವಾಗುತ್ತದೆ. ಅಲ್ಲಿಂದ ಎರಡು ಕೆಲಸ ಒಟ್ಟಿಗೆ ನಡೆಯುತ್ತವೆ. ಸಕ್ಕರೆ ಏರುತ್ತದೆ, ಹುಳಿ ಇಳಿಯುತ್ತದೆ. ರಸದಲ್ಲಿ ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆ ಇದ್ದರೆ ವೈನಿನಲ್ಲಿ ಶೇ. 1ರಷ್ಟು ಆಲ್ಕೋಹಾಲ್. ಶೇ. 12ಕ್ಕೆ 204 ಗ್ರಾಂ ಬೇಕು, 13ಕ್ಕೆ 221. ದ್ರಾಕ್ಷಿಯಲ್ಲಿ ಮುಖ್ಯ ಹುಳಿಗಳು ಎರಡು. ಟಾರ್ಟಾರಿಕ್ ಗಟ್ಟಿ ಜೀವ, ಬಿಸಿಗೆ ಹೆಚ್ಚು ಕರಗದು. ಹಸಿರು ಸೇಬಿನ ಹುಳಿಯಾದ ಮ್ಯಾಲಿಕ್ ಹಾಗಲ್ಲ. ಹಣ್ಣು ಉಸಿರಾಡುವಾಗ ಅದನ್ನೇ ಸುಡುತ್ತದೆ, ಬಿಸಿ ಹೆಚ್ಚಿದಷ್ಟೂ ಬೇಗ ಸುಡುತ್ತದೆ. ರಾತ್ರಿಯೂ ಸೆಕೆಯಿದ್ದರೆ ಅದು ಓಡಿಯೇ ಹೋಗುತ್ತದೆ.

2018 ಹೀಗಿತ್ತು. 2016, 2017 ಎರಡೂ ವರ್ಷ ಹಿಮದ ಹೊಡೆತ ತಿಂದಿದ್ದ ಶಾಬ್ಲಿಯ ಬಳ್ಳಿಗಳಲ್ಲಿ ಆ ಸಲ ಗೊಂಚಲು ತುಂಬಿ ತುಳುಕಿತು. ಬೇಸಿಗೆ ಉದ್ದಕ್ಕೂ ಬಿಸಿಲು. ಮ್ಯಾಲಿಕ್ ಬಹುಪಾಲು ತೋಟದಲ್ಲೇ ಉರಿದುಹೋಯಿತು, ಸಕ್ಕರೆ ಸಲೀಸಾಗಿ ಏರಿತು. ಕೊಯ್ಲು ಬೇಗ ಬಂತು. ನಿಮ್ಮ ಬಾಯಿಗೆ ಮೃದು, ತುಂಬು ಎನಿಸಿದ್ದು ಈ ಇಳಿದ ಹುಳಿ ಮತ್ತು ಏರಿದ ಆಲ್ಕೋಹಾಲು. 2021ರಲ್ಲಿ ಹಣ್ಣು ತಂಪಿನಲ್ಲಿ ನಿಧಾನವಾಗಿ ಮಾಗಿತು, ಕೊಯ್ಲು ಸೆಪ್ಟೆಂಬರಿನ ಉತ್ತರಾರ್ಧಕ್ಕೆ ಜಾರಿತು. ಮ್ಯಾಲಿಕ್ ಹುಳಿ ಹಣ್ಣಿನಲ್ಲೇ ಉಳಿಯಿತು. ಎರಡೂ ಬಾಟಲಿಯ ಲೇಬಲ್ ಪಕ್ಕಪಕ್ಕ ಇಟ್ಟು ಆಲ್ಕೋಹಾಲ್ ಅಂಕಿ ನೋಡಿ, 2021ರದ್ದು ಶೇ. 0.5ರಷ್ಟಾದರೂ ಕಡಿಮೆ ಇರುವ ಸಂಭವ ಹೆಚ್ಚು. ತಂಪು ವರ್ಷಗಳಲ್ಲಿ ರಸಕ್ಕೆ ಒಂದಿಷ್ಟು ಸಕ್ಕರೆ ಸೇರಿಸಿ ಆಲ್ಕೋಹಾಲ್ ಏರಿಸಲು ಬರ್ಗಂಡಿಯಲ್ಲಿ ಕಾನೂನಿನ ಅನುಮತಿಯಿದೆ, ಹಾಗಾಗಿ ಅಂಕಿಯೊಂದನ್ನೇ ನೆಚ್ಚಿಕೊಳ್ಳಬೇಡಿ.

ಕೊಯ್ಲಿನ ದಿನವನ್ನು ಹವೆ ನಿರ್ಧರಿಸುವುದಿಲ್ಲ, ಮನುಷ್ಯ ನಿರ್ಧರಿಸುತ್ತಾನೆ. ಶಾರ್ಡನೆಯಲ್ಲಿ ಇದು ಬಹಳ ನಾಜೂಕು, ಏಕೆಂದರೆ ಮಾಗಿದ ಮೇಲೆ ಬಿಸಿಲಿದ್ದರೆ ಅದರ ಹುಳಿ ನಾಲ್ಕೈದು ದಿನದಲ್ಲೇ ಕುಸಿಯುತ್ತದೆ. ಪ್ರಯೋಗಾಲಯದ ಅಂಕಿಗಳಿದ್ದರೂ ಅನುಭವಿಗಳು ಸಾಲಿನಲ್ಲಿ ನಡೆಯುತ್ತಾ ಹಣ್ಣು ಕಿತ್ತು ತಿನ್ನುತ್ತಾರೆ. ಸಿಪ್ಪೆ ಅಗಿದು ಒಗರು ಎಷ್ಟಿದೆ ನೋಡುತ್ತಾರೆ, ಬೀಜವನ್ನು ಅಂಗೈಗೆ ಉಗುಳಿ ಬಣ್ಣ ನೋಡುತ್ತಾರೆ. ಬೀಜ ಹಸಿರಿದ್ದರೆ ಕಾಯಬೇಕು, ಕಂದಾಗಿ ಹಲ್ಲಿಗೆ ಕಟುಕ್ಕೆಂದರೆ ಹಣ್ಣು ತಯಾರು. 2021ರಲ್ಲಿ ಕಾಯುವುದೂ ಸುಲಭವಿರಲಿಲ್ಲ. ಕಾದರೆ ಕೊಳೆ ರೋಗ, ಕಾಯದಿದ್ದರೆ ಹಸಿರು ರುಚಿ.

ಹಣ್ಣು ನೆಲಮಾಳಿಗೆಗೆ ಬಂದ ಮೇಲೂ ಹುಳಿಯ ಕಥೆ ಮುಗಿಯುವುದಿಲ್ಲ. ಮೊದಲ ಹುದುಗು ಮುಗಿದ ಮೇಲೆ ಬ್ಯಾಕ್ಟೀರಿಯಾಗಳು ಚುರುಕು ಮ್ಯಾಲಿಕ್ ಹುಳಿಯನ್ನು ಮೊಸರಿನ ಸೌಮ್ಯ ಲ್ಯಾಕ್ಟಿಕ್ ಹುಳಿಯಾಗಿ ಬದಲಿಸುತ್ತವೆ. ಶಾಬ್ಲಿಯಲ್ಲಿ ಇದು ಸಾಮಾನ್ಯ ಪದ್ಧತಿ. ಕೆಲವು ಶಾರ್ಡನೆಗಳಲ್ಲಿ ಬೆಣ್ಣೆಯ ವಾಸನೆ ಬರುವುದೂ ಈ ಹಂತದಿಂದಲೇ, ಡಯಾಸೆಟಿಲ್ ಎಂಬ ವಸ್ತುವಿನಿಂದ. ವೆನಿಲ್ಲಾ, ಸುಟ್ಟ ಬ್ರೆಡ್ಡಿನ ವಾಸನೆ ಓಕ್ ಪೀಪಾಯಿಯದ್ದು. ಅವು ಹವೆಯ ಗುಣವಲ್ಲ, ನೆಲಮಾಳಿಗೆಯ ಗುಣ. ಲೆಕ್ಕ ಹೀಗಿದೆ: ಮ್ಯಾಲಿಕ್ಕಿಗೆ ಇರುವ ಹುಳಿಯ ಶಕ್ತಿ ಲ್ಯಾಕ್ಟಿಕ್ ಆದಾಗ ಸುಮಾರು ಅರ್ಧವಾಗುತ್ತದೆ. ಶುರುವಿಗೆ ಮ್ಯಾಲಿಕ್ ಹೆಚ್ಚಿದ್ದರೆ ಕೊನೆಗೆ ಉಳಿಯುವ ಅರ್ಧವೂ ದೊಡ್ಡದೇ. ನಿಮ್ಮ ಹಲ್ಲು ಹಿಡಿದದ್ದು ಅದನ್ನು.

2021 ಕೆಟ್ಟ ವರ್ಷವೇ? ಬೆಳೆಗಾರರಿಗೆ ಹೌದು, ಘೋರ ವರ್ಷ. ಕುಡಿಯುವವರಿಗೆ ಹಾಗೆ ಹೇಳಲಾರೆ. ಬೋನ್ ಪಟ್ಟಣದಲ್ಲಿ 1354ರಿಂದ 2018ರವರೆಗಿನ ಕೊಯ್ಲಿನ ದಿನಾಂಕಗಳನ್ನು ಸಂಶೋಧಕರು ಜೋಡಿಸಿದ್ದಾರೆ, 664 ವರ್ಷಗಳ ಲೆಕ್ಕ. 1987ರವರೆಗೆ ಕೊಯ್ಲು ಸರಾಸರಿ ಸೆಪ್ಟೆಂಬರ್ 28ರ ಸುಮಾರಿಗೆ ಶುರುವಾಗುತ್ತಿತ್ತು. 1988ರಿಂದೀಚೆಗೆ ಅದು ಸುಮಾರು 13 ದಿನ ಮೊದಲಾಗಿದೆ. ಅಂದರೆ 2018ರಂಥ ಬೇಗನೆ ಮಾಗುವ, ತುಂಬು ರುಚಿಯ ವರ್ಷಗಳು ಬರ್ಗಂಡಿಗೆ ಹೊಸತು. ಸೆಪ್ಟೆಂಬರ್ ಕೊನೆಯಲ್ಲಿ ಕೊಯ್ದ, ಚಾಕುವಿನ ಅಲಗಿನಂಥ ಹುಳಿಯ, ನಿಂಬೆ ಮತ್ತು ಒದ್ದೆ ಕಲ್ಲಿನ ನೆನಪು ತರುವ ವೈನೇ ಶಾಬ್ಲಿಯ ಹಳೆಯ ರೂಪ. 2021ರಲ್ಲಿ ಆ ರೂಪ ಮತ್ತೊಮ್ಮೆ ಕಂಡಿತು. ಬಡಕಲಾದ ವೈನುಗಳೂ ಆ ವರ್ಷ ಸಾಕಷ್ಟು ಬಂದವು, ನಿಜ. ಆದರೆ ಕೈ ನೆಟ್ಟಗಿದ್ದವರ 2021 ನನಗೆ 2018ಕ್ಕಿಂತ ಇಷ್ಟ.

ಇನ್ನು ಹರಳು. ಅವು ಪೊಟ್ಯಾಸಿಯಂ ಬೈಟಾರ್ಟರೇಟ್, ಹಣ್ಣಿನ ಟಾರ್ಟಾರಿಕ್ ಹುಳಿ ಪೊಟ್ಯಾಸಿಯಂ ಜೊತೆ ಸೇರಿ ಆದದ್ದು. ಚಳಿಯಲ್ಲಿ ಅದು ಕಡಿಮೆ ಕರಗುತ್ತದೆ, ಹಾಗಾಗಿ ಫ್ರಿಜ್ಜಿನಲ್ಲಿಟ್ಟ ಬಾಟಲಿಯಲ್ಲಿ ತಳಕ್ಕೆ ಕೂರುತ್ತದೆ. ಬಾಟಲಿಗೆ ತುಂಬುವ ಮೊದಲೇ ವೈನನ್ನು ಸೊನ್ನೆಗಿಂತ ಕೆಳಗೆ ತಣಿಸಿ ಈ ಹರಳು ತೆಗೆಯುವವರಿದ್ದಾರೆ, ಬೇಡವೆಂದು ಬಿಡುವವರೂ ಇದ್ದಾರೆ. ಅನುಮಾನವಿದ್ದರೆ ಒಂದೆರಡನ್ನು ಲೋಟದಲ್ಲಿ ಬಿಸಿನೀರಿಗೆ ಹಾಕಿ ಕಲಕಿ. ಗಾಜು ಹಾಗೇ ಉಳಿಯುತ್ತದೆ, ಇದು ಕರಗುತ್ತದೆ.

ಉಳಿದ ಬಾಟಲಿಯನ್ನು ಬಿಸಾಡಬೇಡಿ. ಹಿಂದಿನ ದಿನವೇ ನೆಟ್ಟಗೆ ನಿಲ್ಲಿಸಿಡಿ, ಹರಳು ತಳ ಸೇರಲಿ. ಫ್ರಿಜ್ಜಿನಿಂದ ತೆಗೆದು ಇಪ್ಪತ್ತು ನಿಮಿಷ ಹೊರಗಿಡಿ. 11, 12 ಡಿಗ್ರಿ ಸಾಕು. ಕೊರೆಯುವಷ್ಟು ತಣ್ಣಗಿದ್ದರೆ ಪರಿಮಳ ಮುಚ್ಚಿಕೊಂಡು ಹುಳಿಯೊಂದೇ ಉಳಿಯುತ್ತದೆ. ಖಾಲಿ ಬಾಯಲ್ಲಿ ಕುಡಿಯದೆ ಉಪ್ಪು, ಕೊಬ್ಬು ಇರುವ ಊಟದ ಜೊತೆ ಕುಡಿಯಿರಿ, ಅಲ್ಲಿ ಈ ಹುಳಿ ಹೊಂದಿಕೊಳ್ಳುತ್ತದೆ. ನೀವು ಮಾಡಿದ ತಪ್ಪು ಒಂದೇ: ಮೃದುವಾದದ್ದನ್ನು ಮೊದಲು ಕುಡಿದಿರಿ. ಸಿಹಿ ತಿಂದ ಬಾಯಿಗೆ ಕಿತ್ತಳೆ ಹುಳಿ ಎನಿಸುವ ಹಾಗೆ, 2018ರ ಬೆನ್ನಿಗೆ 2021ಕ್ಕೆ ಅನ್ಯಾಯವಾಯಿತು. ಮುಂದಿನ ಸಲ ಎರಡು ವರ್ಷದ್ದನ್ನು ಒಟ್ಟಿಗೆ ಕುಡಿಯುವುದಾದರೆ ತಂಪು ವರ್ಷದ್ದನ್ನು ಮೊದಲು ಸುರಿಯಿರಿ.